ಅರ್ಪಣೆಯ ಪುಟದಲ್ಲೇ ಉಳಿದುಹೋದವರು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ವಾಚಕರ ಅಂಕಣದಲ್ಲಿ ಓದುಗರೊಬ್ಬರು ಆತ್ಮಕಥೆಗಳ ಬಗ್ಗೆ ಬರೆದಿದ್ದರು. ಈಗ ನಿವೃತ್ತರಾದವರೆಲ್ಲ ಆತ್ಮಕಥೆ ಬರೆಯುತ್ತಿದ್ದಾರೆ, ದೊಡ್ಡ ಸಾಧನೆ ಮಾಡದವರ ಬದುಕನ್ನು ಯಾರು ಓದಬೇಕು, ಸುಮ್ನೆ ಕಾಗದ ದಂಡ ಅಂತ ಅವರ ಅಭಿಪ್ರಾಯ. ಆ ಮಾತು ಮೂರು ದಿನದಿಂದ ತಲೆಯಲ್ಲೇ ಕೂತಿದೆ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಇನ್ನರ್ಧ ಸರಿಯಲ್ಲ ಅಂತ ಹೇಳುವಷ್ಟು ಆತ್ಮಕಥೆಗಳನ್ನು ನಾನು ಅಕ್ಷರ ಅಕ್ಷರವಾಗಿ ಓದಿದ್ದೇನೆ. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ದಾವಣಗೆರೆಯಲ್ಲಿ 1998ರಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಅಚ್ಚಿಗೆ ಪುಟ ಸಿದ್ಧಮಾಡುವುದು. ಅದಕ್ಕೂ ಮುಂಚೆ ನಮ್ಮಪ್ಪ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗಿ ಅವರ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಸೀಸದ ಮೊಳೆಯಲ್ಲಿ ಅಕ್ಷರ ತಿರುಗಾಮುರುಗಾ ಇರುತ್ತದಲ್ಲ, ನಾನು ಕನ್ನಡ ಓದಲು ಕಲಿತದ್ದು ಹಾಗೆ, ಬಲದಿಂದ ಎಡಕ್ಕೆ. ಅಪ್ಪನಿಗೆ ಒಂದು ಅಭ್ಯಾಸ ಇತ್ತು. ಯಾವ ಪುಸ್ತಕ ಜೋಡಿಸಿದರೂ ರಾತ್ರಿ ಊಟಕ್ಕೆ ಕೂತಾಗ ಅವತ್ತಿನ ಪುಟದಲ್ಲಿ ಏನಿತ್ತು ಅಂತ ಅವ್ವನಿಗೆ ಹೇಳುತ್ತಿದ್ದರು. ಅವ್ವನಿಗೆ ಓದು ಬರಹ ಬರುವುದಿಲ್ಲ. ಕಥೆ ಕಾದಂಬರಿಗಿಂತ ಅವಳಿಗೆ ಯಾರದ್ದಾದರೂ ಬದುಕಿನ ಕಥೆ ಬಂದರೆ ಜಾಸ್ತಿ ಇಷ್ಟ. 'ಆಮೇಲೆ ಅವರ ತಾಯಿ ಏನ್ಮಾಡಿದ್ರಂತೆ?' ಅಂತ ಕೇಳುತ್ತಿದ್ದಳು. ಎಷ್ಟೋ ಸಲ ಅಪ್ಪನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಪುಸ್ತಕದಲ್ಲೇ ಇರುತ್ತಿರಲಿಲ್ಲ.

ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ 61 ಜೀವನಕಥೆಗಳು ಹೋಗಿವೆ. ಮೇಷ್ಟ್ರುಗಳು, ಎಂಜಿನಿಯರುಗಳು, ಅಡಿಕೆ ಮಂಡಿಯವರು, ಕೃಷಿಕರು, ಮಾಜಿ ಜನಪ್ರತಿನಿಧಿಗಳು, ಒಬ್ಬರು ನರ್ಸು. ಹೆಚ್ಚಿನವು 200ರಿಂದ 250 ಪುಟ, ಡೆಮಿ ಸೈಜು, ನಡುವೆ 16 ಪುಟ ಆರ್ಟ್ ಪೇಪರಿನಲ್ಲಿ ಫೋಟೊ. 300 ಪ್ರತಿ ಹಾಕಿಸುತ್ತಾರೆ. ಬಿಡುಗಡೆಯ ದಿನ ನೂರು ಹೋದರೆ ಉಳಿದದ್ದು ಅಟ್ಟ ಸೇರುತ್ತದೆ. ಆ ಓದುಗರು ಹೇಳಿದ ಅರ್ಧ ನಿಜ ಅಂದರೆ ಇದೇ. ಎಲ್ಲಿ ಹುಟ್ಟಿದೆ, ಎಲ್ಲಿ ಓದಿದೆ, ಯಾವ ಊರಿಗೆ ವರ್ಗವಾಯಿತು, ಯಾವ ಸಾಹೇಬರು ಮೆಚ್ಚಿದರು, ಯಾರು ಶಾಲು ಹೊದಿಸಿದರು. ಟೈಪ್ ಮಾಡುತ್ತಾ ನನಗೇ ನಿದ್ದೆ ಬಂದದ್ದುಂಟು. ಹೆಂಡತಿ ಮೊದಲ ಸಲ ಕಾಣಿಸುವುದು ಅರ್ಪಣೆಯ ಪುಟದಲ್ಲಿ: 'ನನ್ನ ಏಳಿಗೆಗೆ ಬೆನ್ನೆಲುಬಾದ ಧರ್ಮಪತ್ನಿಗೆ'. ಎರಡನೇ ಸಲ ಮದುವೆಯ ಅಧ್ಯಾಯದಲ್ಲಿ. ಮೂರನೇ ಸಲ ಕೊನೆಯ ಫೋಟೊದಲ್ಲಿ, ಮೊಮ್ಮಕ್ಕಳ ಜೊತೆ. ನಡುವಿನ ನಲವತ್ತು ವರ್ಷ ಅವರು ಎಲ್ಲಿದ್ದರು?

ಸಾಧನೆ ಸಣ್ಣದಾಯಿತು ಅಂತ ಈ ಪುಸ್ತಕಗಳು ಸಪ್ಪೆಯಾದದ್ದಲ್ಲ. ಜೊತೆಗೆ ಬದುಕಿದವರನ್ನು ಹೊರಗಿಟ್ಟು ಬರೆದದ್ದಕ್ಕೆ, ತನ್ನ ತಪ್ಪನ್ನು ಬಾಗಿಲ ಹಿಂದೆ ನಿಲ್ಲಿಸಿ ಬರೆದದ್ದಕ್ಕೆ ಹಾಗಾಗಿವೆ. ಇದು ನನಗೆ ಖಚಿತವಾಗಿ ಗೊತ್ತಾದದ್ದು ಒಂದು ಸಂಗತಿಯಿಂದ, ಅದನ್ನು ಹೇಳಬೇಕು.

ಕೆಲವು ವರ್ಷದ ಹಿಂದೆ ಕಂದಾಯ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಕಥೆ ತಂದುಕೊಟ್ಟರು. ಹೆಸರು ಬೇಡ. 240 ಪುಟ, ನೀಲಿ ಶಾಯಿ, ಮುತ್ತು ಪೋಣಿಸಿದ ಹಾಗೆ ಅಕ್ಷರ. 112ನೇ ಪುಟದಲ್ಲಿ ಹೀಗಿತ್ತು: 'ಅದೇ ವರ್ಷ ನಮ್ಮ ಎರಡನೇ ಮಗಳು ತೀರಿಕೊಂಡಳು. ಮುಂದಿನ ತಿಂಗಳು ನನಗೆ ಬಡ್ತಿಯ ಆದೇಶ ಬಂತು.' ಆಮೇಲೆ ಬಡ್ತಿಯ ಬಗ್ಗೆ ನಾಲ್ಕು ಪುಟ.

ಅವರು ಕರಡು ನೋಡಲು ಬಂದಾಗ ಆ ಪುಟ ತೆಗೆದು ಮುಂದಿಟ್ಟೆ. 'ಸರ್, ಮಗುವಿನ ಹೆಸರು ಬರೆದಿಲ್ಲ' ಅಂದೆ. ನಾನು ಹೇಳಿದ್ದು ಅಷ್ಟೇ.

ಅವರು ಸುಮಾರು ಹೊತ್ತು ಆ ಹಾಳೆಯನ್ನೇ ನೋಡಿದರು. 'ಹೌದಲ್ಲಮ್ಮಾ' ಅಂದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಎದ್ದು ಹೋದರು. ಉಳಿದ ಕರಡಿನ ಕಟ್ಟು ಮೇಜಿನ ಮೇಲೇ ಇತ್ತು.

ಹನ್ನೆರಡು ದಿನ ಬರಲಿಲ್ಲ. ನನಗೆ ಭಯ ಆಯಿತು, ಹೇಳಬಾರದ್ದು ಹೇಳಿದೆನಾ ಅಂತ. ಹದಿಮೂರನೇ ದಿನ ಬಂದು ಹನ್ನೊಂದು ಹಾಳೆ ಕೊಟ್ಟರು. ಇವು ಶಾಯಿಯಲ್ಲಿರಲಿಲ್ಲ, ಪೆನ್ಸಿಲ್ಲಿನಲ್ಲಿದ್ದವು. ಅಲ್ಲಲ್ಲಿ ಅಳಿಸಿ ಬರೆದು ಕಾಗದ ಸವೆದಿತ್ತು. ಜಮಾಬಂದಿಯ ದಿನ, ಅಂದರೆ ಕಂದಾಯದ ಲೆಕ್ಕಪತ್ರ ತಪಾಸಣೆಯ ದಿನ. ಮಧ್ಯಾಹ್ನ ಮನೆಯಿಂದ ಹುಡುಗ ಬಂದು ಮಗುವಿಗೆ ಜ್ವರ ಏರಿದೆ ಅಂದ. ಸಾಹೇಬರು ಎದುರಿಗಿದ್ದರು, ಲೆಕ್ಕ ಮುಗಿದಿರಲಿಲ್ಲ, 'ಸಂಜೆ ಬರ್ತೀನಿ ಅನ್ನು' ಅಂತ ಹೇಳಿ ಕಳಿಸಿದರು. ಸಂಜೆ ಮತ್ತೆ ಹುಡುಗ ಬಂದ. ಇವರು ಮನೆ ಮುಟ್ಟಿದಾಗ ರಾತ್ರಿ ಒಂಬತ್ತು. ಮಗು ಹೆಂಡತಿಯ ಮಡಿಲಲ್ಲಿತ್ತು, ಅವರು ಅದರ ಕಾಲನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದರು. ಮಗು ಜೀಪಿಗೆ 'ಪೀಪು' ಅನ್ನುತ್ತಿತ್ತಂತೆ. ಅವತ್ತು ಜೀಪಿನ ಸದ್ದಾದಾಗ ಒಳಗಿನಿಂದ ಆ ಮಾತು ಬರಲಿಲ್ಲ ಅಂತ ಬರೆದಿದ್ದರು. ಕೊನೆಯ ಹಾಳೆಯಲ್ಲಿ, ಹೆಂಡತಿ ಇವತ್ತಿನವರೆಗೂ 'ಮಧ್ಯಾಹ್ನ ಯಾಕೆ ಬರಲಿಲ್ಲ' ಅಂತ ಒಂದು ಮಾತೂ ಕೇಳಿಲ್ಲ, ಆ ಕೇಳದ ಮಾತಿನ ಜೊತೆಗೇ ನಾವಿಬ್ಬರೂ ಸಂಸಾರ ಮಾಡಿದೆವು ಅಂತ ಇತ್ತು. ಮಗುವಿನ ಹೆಸರು ಏಳು ಸಲ ಇತ್ತು. ಎಣಿಸಿದೆ.

ಆ ಹನ್ನೊಂದು ಹಾಳೆ ಟೈಪ್ ಮಾಡಲು ನನಗೆ ಎರಡು ದಿನ ಬೇಕಾಯಿತು. ಆ ಪುಸ್ತಕದಲ್ಲಿ ನನಗೆ ಈಗ ನೆನಪಿರುವುದು ಅಷ್ಟೇ. ಬಡ್ತಿ ಯಾವ ಹುದ್ದೆಗೆ ಅನ್ನುವುದೂ ಮರೆತುಹೋಗಿದೆ. ಪುಸ್ತಕ ಬಂದು ಒಂದು ತಿಂಗಳಾದ ಮೇಲೆ ಅವರ ಮನೆಯವರು ಒಬ್ಬರೇ ಆಟೋದಲ್ಲಿ ಅಂಗಡಿಗೆ ಬಂದರು. 'ನನಗೆ ಸಣ್ಣಕ್ಷರ ಕಾಣಲ್ಲವ್ವಾ, ಆ ಹನ್ನೊಂದು ಹಾಳೆ ಮಾತ್ರ ದಪ್ಪ ಅಕ್ಷರದಲ್ಲಿ ತೆಗೆದುಕೊಡ್ತೀಯಾ?' ಅಂದರು. 18 ಪಾಯಿಂಟಿನಲ್ಲಿ ತೆಗೆದುಕೊಟ್ಟೆ. 14 ಹಾಳೆ ಬಂತು. ಅಲ್ಲೇ ಬೆಂಚಿನ ಮೇಲೆ ಕೂತು ಓದಿ ಮುಗಿಸಿ, ಮಡಿಸದೆ ಎದೆಗೆ ಹಿಡಿದುಕೊಂಡು ಹೋದರು.

ದೊಡ್ಡವರ ಪುಸ್ತಕಗಳಲ್ಲೂ ನಾನು ಹುಡುಕುವುದು ಇಂಥ ಹಾಳೆಗಳನ್ನೇ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಕನ್ನಡಕ್ಕೆ ತಂದ ಗಾಂಧೀಜಿಯ ಆತ್ಮಕಥೆಯನ್ನು ಅಪ್ಪ ನನಗೆ ಎಸ್ಸೆಸ್ಸೆಲ್ಸಿ ಪಾಸಾದಾಗ ಕೊಡಿಸಿದ್ದರು. ಗಾಂಧೀಜಿ ಅದನ್ನು 1925ರಿಂದ 1929ರವರೆಗೆ ವಾರ ವಾರ ಗುಜರಾತಿಯಲ್ಲಿ 'ನವಜೀವನ' ಪತ್ರಿಕೆಗೆ ಬರೆದರು. ಆಗಲೇ ಅವರು ದೇಶಕ್ಕೆಲ್ಲ ಮಹಾತ್ಮರು. ಆದರೂ ಹದಿನೈದರ ವಯಸ್ಸಿನಲ್ಲಿ ಅಣ್ಣನ ತೋಳಿನ ಕಡಗದಿಂದ ಚೂರು ಚಿನ್ನ ಕದ್ದದ್ದನ್ನು ಬರೆದರು. ಅಣ್ಣ ಮಾಡಿಕೊಂಡಿದ್ದ ಸುಮಾರು 25 ರೂಪಾಯಿ ಸಾಲ ತೀರಿಸಲಿಕ್ಕೆ ಅದು. ಬಾಯಲ್ಲಿ ಹೇಳಲಾರದೆ ಚೀಟಿ ಬರೆದು, ಹಲಗೆ ಮಂಚದ ಮೇಲೆ ಕಾಯಿಲೆಯಿಂದ ಮಲಗಿದ್ದ ತಂದೆಯ ಕೈಗೆ ಕೊಟ್ಟರು. ತಂದೆ ಎದ್ದು ಕೂತು ಓದಿದರು. ಕಣ್ಣೀರು ಚೀಟಿಯ ಮೇಲೆ ಬಿತ್ತು. ಚೀಟಿ ಹರಿದುಹಾಕಿ ಮತ್ತೆ ಮಲಗಿದರು. ಬೈಗುಳ ಇಲ್ಲ, ಏಟು ಇಲ್ಲ. ಆ ಪುಟ ಓದಿದಾಗ ನನಗೆ ಹದಿನಾರು. ಇಷ್ಟು ವರ್ಷವಾದರೂ ಆ ಒದ್ದೆ ಚೀಟಿ ಕಣ್ಣ ಮುಂದೆ ಇದೆ. ಕದ್ದದ್ದು ಹೇಳದಿದ್ದರೆ ಆ ತಂದೆಯನ್ನು ನಾವು ನೋಡುತ್ತಲೇ ಇರಲಿಲ್ಲ, ಅಲ್ವಾ?

ಸಿದ್ದಲಿಂಗಯ್ಯನವರ 'ಊರುಕೇರಿ' ಹೇಳದೆ ಈ ಪತ್ರ ಮುಗಿಸಲಾರೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಹುಡುಗ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿದ್ದಾರೆ, ಹಿಂದೆ ಇನ್ನೊಬ್ಬ ನೇಗಿಲು ಹಿಡಿದು ಉಳುತ್ತಿದ್ದಾನೆ. ನೊಗ ಹೊತ್ತ ಇಬ್ಬರಲ್ಲಿ ಒಬ್ಬರು ಆ ಹುಡುಗನ ಅಪ್ಪ. ಇಷ್ಟನ್ನು ಅವರು ಎದೆ ಬಡಿದುಕೊಳ್ಳದೆ ಹೇಳಿಬಿಡುತ್ತಾರೆ. ಮುಂದೆ ಪುಟ ಪುಟಕ್ಕೂ ನಗಿಸುತ್ತಾರೆ. ಹಸಿವಿನ ಬಗ್ಗೆ ನಗುತ್ತಾ ಬರೆಯಲು ಎಂಥ ಗಟ್ಟಿತನ ಬೇಕು! ಭೈರಪ್ಪನವರ 'ಭಿತ್ತಿ'ಯಲ್ಲಿ ಸತ್ತ ತಮ್ಮನನ್ನು ಹೆಗಲ ಮೇಲೆ ಹೊತ್ತು ಸುಡುಗಾಡಿಗೆ ನಡೆಯುವ ಹುಡುಗ, 'ಹೋರಾಟದ ಹಾದಿ'ಯಲ್ಲಿ ಬಸ್ಸಿಗೆ ಕಾಸಿಲ್ಲದೆ ಗೌರಿಬಿದನೂರು ಕಡೆಯ ಹೊಸೂರಿನಿಂದ ಬೆಂಗಳೂರಿಗೆ ಓದಲು ನಡೆದೇ ಬರುವ ಎಚ್. ನರಸಿಂಹಯ್ಯ. ಇವರು ಮುಂದೆ ಏನಾದರು ಅನ್ನುವುದು ಎಲ್ಲರಿಗೂ ಗೊತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಹೆಗಲು, ಆ ಕಾಲು.

ಅರ್ಪಣೆಯ ಮಾತು ಬಂತಲ್ಲ, ನಾನು ಓದಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಅರ್ಪಣೆ ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ'ದ್ದು. 1973ರಲ್ಲಿ ಒಂದು ದಿನ ಊಟಕ್ಕೆ ಕೂತಾಗ ಅವರ ತಾಯಿ, ಇವನು ಬೇಡ ಅಂದುಕೊಂಡಿದ್ದೆವು ಅಂತ ಹೇಳಿಬಿಡುತ್ತಾರೆ. ಇವರು ಹೊಟ್ಟೆಯಲ್ಲಿದ್ದಾಗ ಗರ್ಭ ತೆಗೆಸಲು ಪುಣೆಯಲ್ಲಿ ದವಾಖಾನೆಗೆ ಹೋಗಿ ಕಾದರಂತೆ. ಡಾಕ್ಟರು ಬರಲೇ ಇಲ್ಲ. ವಾಪಸ್ ಬಂದರು. ಅವತ್ತು ಬಾರದೇ ಹೋದ ಆ ಡಾಕ್ಟರಿಗೇ, ಮಧುಮಾಲತಿ ಗುಣೆಯವರಿಗೆ, ಕಾರ್ನಾಡರು ತಮ್ಮ ಪುಸ್ತಕ ಅರ್ಪಿಸಿದ್ದಾರೆ. ಇಂಥದ್ದನ್ನು ಊಟದ ಮುಂದೆ ಹೇಳಬಲ್ಲ ತಾಯಿ, ಅದನ್ನು ಮೊದಲ ಪುಟದಲ್ಲಿ ಅಚ್ಚು ಹಾಕಿಸಬಲ್ಲ ಮಗ! ಆ ಮನೆಯ ಗಾಳಿಯೇ ನಮಗೆ ತಿಳಿದುಬಿಡುತ್ತದೆ.

ಇನ್ನು ಹೆಂಗಸರು ಬರೆದದ್ದು. ಅರ್ಪಣೆಯ ಪುಟದಿಂದ ಎದ್ದು ಬಂದು ತಾವೇ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ಕನ್ನಡದಲ್ಲಿ ಒಂದು ಜೋಡಿ ಇದೆ. ಲಂಕೇಶರು 'ಹುಳಿಮಾವಿನ ಮರ' ಬರೆದರು. ಅವರು ಹೋದ ಮೇಲೆ ಅವರ ಶ್ರೀಮತಿ ಇಂದಿರಾ ಲಂಕೇಶ್ 'ಹುಳಿಮಾವು ಮತ್ತು ನಾನು' ಬರೆದರು. ಒಂದೇ ಮನೆ, ಅದೇ ಮಕ್ಕಳು, ಅದೇ ಪತ್ರಿಕೆ. ಎರಡನ್ನೂ ಒಂದರ ಹಿಂದೆ ಒಂದು ಓದಿ ನೋಡಿ. ಇಂದಿರಾ ಅವರು ಸೀರೆ ಅಂಗಡಿ ನಡೆಸಿ ಸಂಸಾರಕ್ಕೆ ಹೆಗಲು ಕೊಟ್ಟವರು. ಅವರ ಪುಸ್ತಕದಲ್ಲಿ ದೂರು ಇದೆ, ಪ್ರೀತಿಯೂ ಇದೆ, ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ಗಂಡನ ಪುಸ್ತಕವನ್ನು ನಾನು ಮೊದಲೇ ಓದಿದ್ದೆ. ಹೆಂಡತಿಯದ್ದು ಓದಿದ ಮೇಲೆ ಮತ್ತೆ ತೆಗೆದು ಓದಿದೆ. ಮೊದಲು ನಾನು ದಾಟಿಹೋಗಿದ್ದ ಜಾಗಗಳಲ್ಲೆಲ್ಲ ಈಗ ಯಾರೋ ನಿಂತಿದ್ದಾರೆ ಅನ್ನಿಸಿತು.

ವಿಜಯಾ ಅವರ 'ಕುದಿ ಎಸರು'ವಿಗೆ 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಸರು ಇಡುವವರಿಗೆ ಆ ಹೆಸರು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಿ ಬೀಳುವ ಮುಂಚೆ ಬರೀ ನೀರು ಒಲೆಯ ಮೇಲೆ ಕುದಿಯುತ್ತಿರುತ್ತದಲ್ಲ, ಅದು. ಗಂಡನ ಮನೆಯ ಹಿಂಸೆ, ಏಟು, ಹಸಿವು, ಎಲ್ಲವನ್ನೂ ಅವರು ಬಚ್ಚಿಡದೆ ಬರೆದಿದ್ದಾರೆ. ನನಗೆ ಅದನ್ನು ಒಂದೇ ಸಲಕ್ಕೆ ಓದಲು ಆಗಲಿಲ್ಲ. ಅಡುಗೆಮನೆಯಲ್ಲಿ ಇಟ್ಟುಕೊಂಡು ದಿನಕ್ಕೆ ಹತ್ತು ಪುಟದಂತೆ ಓದಿದೆ. ನಮ್ಮ ಬೀದಿಯ ಇಬ್ಬರು ಹೆಣ್ಣುಮಕ್ಕಳು ನನ್ನಿಂದ ತೆಗೆದುಕೊಂಡು ಹೋಗಿ ಓದಿದರು. ಒಬ್ಬಳು ವಾಪಸ್ ಕೊಡುವಾಗ ಏನೂ ಹೇಳಲಿಲ್ಲ. ಪುಸ್ತಕಕ್ಕೆ ಹೊಸದಾಗಿ ಬ್ರೌನ್ ಪೇಪರ್ ರಟ್ಟು ಹಾಕಿ ಕೊಟ್ಟಿದ್ದಳು.

ಒಬ್ಬ ಅಧ್ಯಾಪಕಿ ಪ್ರಬಂಧ ಟೈಪ್ ಮಾಡಿಸಲು ತಂದಾಗ ನನಗೆ ಬಂಗಾಳದ ರಾಸ್‌ಸುಂದರಿ ದೇವಿಯ ಪರಿಚಯವಾಯಿತು. ಹತ್ತೊಂಬತ್ತನೇ ಶತಮಾನದ ಹೆಂಗಸು. ಹನ್ನೆರಡಕ್ಕೆ ಮದುವೆ, ತುಂಬಿದ ಮನೆ. ಹೆಣ್ಣು ಅಕ್ಷರ ಕಲಿತರೆ ವಿಧವೆಯಾಗುತ್ತಾಳೆ ಅಂತ ನಂಬಿದ್ದ ಕಾಲ. ಈಕೆಗೆ ಚೈತನ್ಯ ಮಹಾಪ್ರಭುವಿನ ಜೀವನ ಹೇಳುವ 'ಚೈತನ್ಯ ಭಾಗವತ' ಓದಬೇಕು ಅನ್ನುವ ಆಸೆ. ಮನೆಯಲ್ಲಿದ್ದ ಪ್ರತಿಯಿಂದ ಒಂದು ಹಾಳೆ ಬಿಡಿಸಿ ಅಡುಗೆಮನೆಯಲ್ಲಿ ಬಚ್ಚಿಟ್ಟರು. ಮಗ ಅಕ್ಷರ ತಿದ್ದಿದ್ದ ಒಂದು ತಾಳೆಗರಿಯನ್ನೂ ಎತ್ತಿಟ್ಟುಕೊಂಡರು. ಒಲೆಯ ಮುಂದೆ ಕೂತು ಎಡಗೈಯಲ್ಲಿ ಹಾಳೆ ಹಿಡಿದು, ಮುಸುಕಿನ ಒಳಗಿನಿಂದಲೇ ಇದರ ಅಕ್ಷರ ಅದಕ್ಕೆ ಹೋಲಿಸಿ ಹೋಲಿಸಿ ಓದಲು ಕಲಿತರು. ಆಮೇಲೆ ತಮ್ಮ ಕಥೆಯನ್ನೇ ಬರೆದರು. 'ಆಮಾರ್ ಜೀಬನ್' ಅಂತ ಅದರ ಹೆಸರು, ಬಂಗಾಳಿಯ ಮೊದಲ ಆತ್ಮಕಥೆ ಅಂತ ಅದನ್ನು ಎಣಿಸುತ್ತಾರೆ. ತನ್ನ ಪಾಲಿನ ಅನ್ನ ಬಂದವರಿಗೆ ಬಡಿಸಿ ದಿನವಿಡೀ ಉಪವಾಸ ಉಳಿದದ್ದೂ ಅದರಲ್ಲಿದೆ. ಯಾವ ಪದವಿ ಇತ್ತು ಅವರಿಗೆ, ಯಾವ ಸಾಧನೆ? ಅಡುಗೆ ಮಾಡಿದರು, ಮಕ್ಕಳನ್ನು ಹೆತ್ತರು, ಓದಲು ಕಲಿತರು. ಕಾಗದ ದಂಡ ಅನ್ನುವ ಆ ಓದುಗರಿಗೆ ನಾನು ಈ ಪುಸ್ತಕ ಕಳಿಸಿಕೊಡಬೇಕು ಅಂತಿದ್ದೇನೆ.

ಆ ಕಥೆಯನ್ನು ಅಪ್ಪನ ಹಾಗೆ ನಾನೂ ರಾತ್ರಿ ಊಟದ ಹೊತ್ತಿಗೆ ಅವ್ವನಿಗೆ ಹೇಳಿದೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅವ್ವ ಕೈ ತೊಳೆದುಕೊಂಡು ಬಂದು, 'ನಂದೂ ಬರ್ಕೋ' ಅಂದಳು. ಈಗ ವಾರಕ್ಕೆ ಎರಡು ರಾತ್ರಿ ಅವಳು ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಅಪ್ಪ ಸಂಬಳದ ದಿನ ಅಚ್ಚುಕೂಟದಿಂದ ಸೀದಾ ಮನೆಗೆ ಬರದ ತಿಂಗಳುಗಳೂ ಇದ್ದವು. ಆ ತಿಂಗಳು ಅವಳು ಬೇರೆಯವರ ಮನೆಯ ಮೆಣಸಿನಕಾಯಿ ಕುಟ್ಟಿ ದಿನ ದೂಡಿದ್ದಳು. ನನಗೆ ಅದು ಗೊತ್ತೇ ಇರಲಿಲ್ಲ. ಬೆರಳು ಕೀಲಿಯ ಮೇಲೆ ನಿಂತಿತು. 'ಇದೂ ಹಾಕ್ಲಾ ಅವ್ವಾ?' ಅಂದೆ. 'ಹಾಕು. ಅವರು ರಾತ್ರಿ ರಾತ್ರಿ ಪುಸ್ತಕ ಓದಿ ಹೇಳಿದ್ದೂ ಹಾಕು' ಅಂದಳು.

ಕೊನೆಯದಾಗಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ವಿಷಯ. ಈ ಪತ್ರಕ್ಕೆ ನಿಜವಾದ ಕಾರಣ ಅವರೇ. ಹೋದ ತಿಂಗಳು ಒಂದು ನೂರು ಪುಟದ ನೋಟ್‌ಬುಕ್ ಹಿಡಿದುಕೊಂಡು ಬಂದರು. ಹೆಚ್ಚುಕಡಿಮೆ ಅರ್ಧ ತುಂಬಿತ್ತು, 48 ಪುಟ. 'ಎಷ್ಟಾಗುತ್ತಕ್ಕಾ?' ಅಂದರು. ಅವರು ನನಗಿಂತ ದೊಡ್ಡವರು, ಆದರೂ ಬಸ್ಸಿನ ಅಭ್ಯಾಸ, ಎಲ್ಲರೂ ಅಕ್ಕನೇ. ಪುಟಕ್ಕೆ 25 ರೂಪಾಯಿ ಅಂದೆ. ಮನಸ್ಸಿನಲ್ಲೇ ಗುಣಿಸಿ 'ಸಾವಿರದ ಇನ್ನೂರು' ಅಂತ ತಕ್ಷಣ ಹೇಳಿದರು. ಪುಸ್ತಕ ಮಾಡಿಸುವಷ್ಟು ದುಡ್ಡಿಲ್ಲ, ಮಕ್ಕಳಿಗೆ ಮೂರು ಪ್ರತಿ ಜೆರಾಕ್ಸ್ ಸಾಕು ಅಂದರು.

ಅದರಲ್ಲಿ ಚಿಲ್ಲರೆಯ ಬಗ್ಗೆ ನಾಲ್ಕು ಪುಟ ಇದೆ. ಚಿಲ್ಲರೆ ಇಲ್ಲದಾಗ ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ. ಇಳಿಯುವ ಗಡಿಬಿಡಿಯಲ್ಲಿ ಎಷ್ಟೋ ಜನ ಕೇಳುವುದನ್ನೇ ಮರೆಯುತ್ತಾರೆ. ಮೊದಲ ಮೂರು ವರ್ಷ ಆ ದುಡ್ಡನ್ನು ಇವರು ಬೇರೆ ಜೇಬಿನಲ್ಲಿ ಹಾಕಿಕೊಂಡು ಮನೆಗೆ ತಂದರು. ಹಾಗೆ ಕೂಡಿಟ್ಟು ಮಗಳಿಗೆ ಬೆಳ್ಳಿ ಕಾಲ್ಗೆಜ್ಜೆ ಮಾಡಿಸಿದರು. ಒಂದು ದಿನ ಸಂತೆಯಿಂದ ಬರುತ್ತಿದ್ದ ಅಜ್ಜಿಯೊಬ್ಬಳು ಇಳಿದ ಮೇಲೆ ನೆನಪಾಗಿ ಬಸ್ಸಿನ ಹಿಂದೆ ಓಡಿಬಂದಳು, ಟಿಕೆಟ್ ಎತ್ತಿ ತೋರಿಸುತ್ತಾ. ಇವರು ನೋಡಿದರು. ನೋಡಿಯೂ 'ರೈಟ್' ಅಂದರು. ಬಾಕಿ ಮೂರು ರೂಪಾಯಿ. ಅವತ್ತು ರಾತ್ರಿ ಮಗಳು ಗೆಜ್ಜೆ ಸದ್ದು ಮಾಡುತ್ತಾ ಬಾಗಿಲಿಗೆ ಓಡಿಬಂದಳು. ಮಾರನೇ ದಿನದಿಂದ ಪ್ರತಿ ಸ್ಟಾಪಿನಲ್ಲೂ 'ಚಿಲ್ಲರೆ ಯಾರದ್ದಾದರೂ ಇದೆಯಾ' ಅಂತ ಕೂಗುವುದು ರೂಢಿಯಾಯಿತು. ನಿವೃತ್ತಿಯವರೆಗೂ ಕೂಗಿದರು. ಆ ಅಜ್ಜಿ ಮತ್ತೆ ಆ ಬಸ್ಸು ಹತ್ತಲಿಲ್ಲ.

ಗಾಂಧೀಜಿ ಚೀಟಿ ಬರೆದರು, ಇವರು ನೋಟ್‌ಬುಕ್ ಬರೆದರು. ಮಗಳು ಇದನ್ನು ಓದುತ್ತಾಳೆ ಅಂತ ಗೊತ್ತಿದ್ದೂ ಬರೆದರು. ಈ ನಾಲ್ಕು ಪುಟ ಮೂರು ಜೆರಾಕ್ಸ್ ಪ್ರತಿಯಲ್ಲಿ ಮುಗಿದುಹೋಗಬಾರದು.

ಹಾಗಾಗಿ ನನ್ನ ಕೇಳಿಕೆ ಇಷ್ಟು. ನಿಮ್ಮ ಭಾನುವಾರದ ಪುರವಣಿಯಲ್ಲಿ ವಾರಕ್ಕೆ ಅರ್ಧ ಕಾಲಂ ಕೊಡಿ. ಪ್ರಶಸ್ತಿ ಬಂದವರೇ ಆಗಬೇಕಿಲ್ಲ, ಇಡೀ ಜೀವನವೂ ಬೇಡ. ಒಂದು ದಿನ, ಒಂದು ತಪ್ಪು, ಮನೆಯಲ್ಲಿದ್ದ ಒಬ್ಬರು, ಇಷ್ಟೇ ಕೇಳಿ. ಅಕ್ಷರ ಬಾರದವರು ಹೇಳಿದರೆ ಬರೆದುಕೊಳ್ಳುವವರು ಪ್ರತಿ ಊರಿನಲ್ಲೂ ನನ್ನಂಥವರು ಇದ್ದೇ ಇರುತ್ತಾರೆ. ದಾವಣಗೆರೆ ಕಡೆಯವರದ್ದನ್ನು ನಾನು ದುಡ್ಡಿಲ್ಲದೆ ಟೈಪ್ ಮಾಡಿ ಕಳಿಸುತ್ತೇನೆ.

ಕಂಡಕ್ಟರ್ ಅವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಹೆಸರು ಹಾಕುವುದು ಬೇಡ ಅಂದಿದ್ದಾರೆ. ಚಿಲ್ಲರೆಯ ಆ ನಾಲ್ಕು ಪುಟ ಈ ಪತ್ರದ ಜೊತೆ ಇಟ್ಟಿದ್ದೇನೆ. ಕಾಗುಣಿತ ಮಾತ್ರ ನಾನು ತಿದ್ದಿದ್ದು, ಮಾತೆಲ್ಲ ಅವರದ್ದೇ.

ಇತಿ ನಮಸ್ಕಾರಗಳು,
ನಿಮ್ಮ ಹಳೆಯ ಓದುಗಾರ್ತಿ, ಡಿಟಿಪಿ ಕೆಲಸದವಳು
ದಾವಣಗೆರೆ